ಕೇಸರಿ ಡಬ್ಬಿ

ಅತ್ತೆ ಟ್ರಾಲಿಯಲ್ಲಿ ಮೊಣಕಾಲಿಗೆ ಹಚ್ಚುವ ಎಣ್ಣೆಯ ಜೊತೆ ಕೇಸರಿ ಡಬ್ಬಿಯನ್ನೂ ಇಟ್ಟರು. ಅದು ಅತ್ತೆಯ ಬಸುರಿ ಮಗಳಿಗೇ ಇರಬೇಕೆಂದು ಸೊಸೆಗೆ ಹೊಟ್ಟೆ ಉರಿಯಿತು. ಕೌಂಟರಿನಲ್ಲಿ ಬೇಕೆಂದೇ ತಪ್ಪು ಪಿನ್ ಒತ್ತಿದಳು.

“ಪೇಮೆಂಟ್ ಫೇಲ್ ಅಂತಿದೆ, ಮೇಡಂ,” ಎಂದಳು ಕ್ಯಾಷಿಯರ್.

ಸೊಸೆ ತಪ್ಪನ್ನು ಬ್ಯಾಂಕಿನ ಮೇಲೆ ಹಾಕಿದಳು. “ಸರ್ವರ್ ಡೌನ್ ಇರ್ಬೇಕು, ಅತ್ತೆ. ಇರೋ ಕ್ಯಾಶ್ ಸಾಲಲ್ಲ, ಒಂದು ಸಾಮಾನು ಬಿಡ್ಬೇಕು. ಕೇಸರಿ ಬಿಡೋಣ್ವಾ?”

“ಬೇಡಮ್ಮ, ಎಣ್ಣೆ ಬಿಡು.”

“ಮತ್ತೆ ನಿಮ್ಮ ಮಂಡಿನೋವು?”

“ಅದು ಹಳೇ ನೆಂಟ. ಎಲ್ಲಿ ಹೋಗುತ್ತೆ?”

ಸೊಸೆಗೆ ಚುರುಕ್ಕೆಂದಿತು. ತಲೆ ತಗ್ಗಿಸಿ ಪರ್ಸ್ ತಡಕಾಡಿದಳು. ಅತ್ತೆ ಕ್ಯಾಷಿಯರ್ ಕಿವಿಯಲ್ಲಿ ಪಿಸುಗುಟ್ಟಿದ್ದು ಇಡೀ ಸಾಲಿಗೇ ಕೇಳಿಸಿತು:

“ಕೇಸರಿ ಇವಳಿಗೇ ಕಣಮ್ಮ. ಇನ್ನೂ ಬಾಯಿ ಬಿಟ್ಟಿಲ್ಲ, ಆದ್ರೆ ವಾರದಿಂದ ಒಗ್ಗರಣೆ ವಾಸನೆ ಬಂದ್ರೆ ಸಾಕು, ಬಚ್ಚಲಿಗೆ ಓಡ್ತಿದ್ದಾಳೆ.”