ಎಡಗೈ ಅಭ್ಯಾಸ

ಬಚ್ಚಲಿನ ಬಾಗಿಲ ಸಂದಿಯಿಂದ ಅವಳು ಇಣುಕಿದಾಗ ಗಂಡ ಬಲಗೈಯನ್ನು ಟವೆಲಿನಿಂದ ಬೆನ್ನ ಹಿಂದೆ ಬಿಗಿದು ಕಟ್ಟಿಕೊಂಡಿದ್ದ. ಎಡಗೈಯೊಂದರಲ್ಲೇ ಶರ್ಟಿನ ಗುಂಡಿ ಹಾಕಲು ಹೆಣಗುತ್ತಿದ್ದ.

ಇದು ಮೊದಲ ಸಲವಲ್ಲ. ಊಟಕ್ಕೆ ಕೂತಾಗಲೂ ಎಡಗೈಯಲ್ಲಿ ಚಮಚ ಹಿಡಿದಿದ್ದ. ಪೇಸ್ಟಿನ ಮುಚ್ಚಳವನ್ನು ಹಲ್ಲಿನಿಂದ ತಿರುಗಿಸಿದ್ದ. "ಇದೇನ್ರೀ ಹೊಸ ವೇಷ?" ಎಂದರೆ, "ಸುಮ್ನೆ, ಅಭ್ಯಾಸ ಇರಲಿ" ಎಂದಿದ್ದ.

ಗಂಡ, ಮೈದುನ ಇಬ್ಬರೂ ಬೈಕಿನ ಬಿಡಿಭಾಗ ಒತ್ತುವ ಕಾರ್ಖಾನೆಯ ಕೆಲಸಗಾರರು. ತಗಡನ್ನು ಕೈಯಿಂದಲೇ ಅಚ್ಚಿನೊಳಗೆ ಇಡಬೇಕು. ಎರಡೂ ಕೈಯಿಂದ ಎರಡು ಸ್ವಿಚ್ಚು ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯಬೇಕು. ಕೈಗೆ ಅದೇ ಕಾವಲು. ಆದರೆ ಕೆಲಸ ಬೇಗ ಸಾಗಲೆಂದು ಒಂದು ಸ್ವಿಚ್ಚು ಸದಾ ಒತ್ತಿಯೇ ಇರುವಂತೆ ರಬ್ಬರು ಬಿಗಿಯುವುದು ಅಲ್ಲಿನ ರೂಢಿ. ಬೆರಳು ಹೋದವರಿಗೆ ಗೇಟಿನಲ್ಲಿ ಕಾವಲಿನ ಕುರ್ಚಿ. ಹೋದ ವರ್ಷ ಒಬ್ಬ ಆ ಕುರ್ಚಿಗಾಗಿ ಬೇಕೆಂದೇ ಬೆರಳು ಕೊಟ್ಟನಂತೆ.

ಮೈದುನ ವಾರದಿಂದ ಆಸ್ಪತ್ರೆಯಲ್ಲಿದ್ದ. "ಕೈಗೆ ಏಟಾಗಿದೆ, ಕಟ್ಟು ಬಿಚ್ಚಿದ್ರೆ ಸರಿಹೋಗುತ್ತೆ" ಎಂದು ಗಂಡ ಅತ್ತೆಗೂ ಇವಳಿಗೂ ಹೇಳಿದ್ದ. ಸೋಂಕಾದೀತೆಂದು ನೋಡಲು ಬಿಟ್ಟಿರಲಿಲ್ಲ. ಅಂದಿನಿಂದ ಗಂಡನ ಮಾತೇ ಸತ್ತಿತ್ತು. ನೀರು ಬಂತಾ, ಬಾಗಿಲು ಹಾಕಿದ್ಯಾ, ಅಷ್ಟೇ. ಅಳುವುದಿರಲಿ, ಸಿಡುಕುವುದನ್ನೂ ಮರೆತಿದ್ದ.

"ಆ ಪ್ರೆಸ್ಸಿನ ಸಹವಾಸ ಸಾಕು ಕಣೇ," ಎಂದ, ಹೊಸ್ತಿಲು ದಾಟುತ್ತಾ.

"ಕೈ ಹುಷಾರು ರೀ."

"ಒಂದಿದ್ರೂ ಬದುಕಬಹುದು ಬಿಡು."

ಅವನು ಹೋದ ಮೇಲೆ ಒಲೆಯ ಮೇಲಿನ ಹಾಲು ಉಕ್ಕಿ ಹರಿಯುವುದನ್ನು ನೋಡುತ್ತಾ ನಿಂತಳು. ಎಷ್ಟೋ ಹೊತ್ತಿನ ಮೇಲೆ ಚಪ್ಪಲಿ ಮೆಟ್ಟಿ ಕಾರ್ಖಾನೆಗೆ ಓಡಿದಳು. ಮೇಸ್ತ್ರಿಯ ಕೈಕಾಲು ಹಿಡಿದಾದರೂ ಗಂಡನನ್ನು ಪ್ರೆಸ್ಸಿನಿಂದ ಬಿಡಿಸಬೇಕು.

ಗೇಟಿನ ಕುರ್ಚಿಯಲ್ಲಿ ಎರಡೇ ಬೆರಳಿನ ಕಾವಲುಗಾರ ಕೂತಿದ್ದ. ಗಂಡನನ್ನು ಕರೆಯಲು ಅವನಿಗೆ ಹೇಳಿದಳು.

"ಅವನಾ? ಆಗ್ಲೇ ಆಸ್ಪತ್ರೆಗೆ ಹೋದ್ನಲ್ಲಮ್ಮ." ಉಳಿದ ಬೆರಳಿನಿಂದ ತನ್ನ ಪಕ್ಕದ ಖಾಲಿ ಜಾಗ ತೋರಿಸಿದ. "ಇಲ್ಲಿ ಇನ್ನೊಂದು ಕುರ್ಚಿ ಹಾಕೋಕೆ ಹೇಳಿದಾರೆ. ನನಗೂ ಒಬ್ಬ ಜೊತೆಗಾರ ಆದ."

ಅವಳು ಅಳಲಿಲ್ಲ. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದ ತನ್ನ ಕೈಗಳನ್ನೇ ನೋಡುತ್ತಾ ನಿಂತಳು. ಎರಡಿವೆ, ಇಬ್ಬರಿಗೂ ಸಾಕು ಎಂದುಕೊಂಡಳು. ಇಳಿಯುವ ಸ್ಟಾಪು ದಾಟಿಹೋದದ್ದು ಗೊತ್ತಾಗಲಿಲ್ಲ. ಹಿಂದಕ್ಕೆ ನಡೆದು ಬಂದಳು.

ವಾರ್ಡಿನಲ್ಲಿ ಗಂಡ ಬಾಗಿಲಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತಿದ್ದ. ಬೆನ್ನ ಹಿಂದೆ ಟವೆಲಿನಿಂದ ಬಿಗಿದ ಬಲಗೈ. ಅವಳು ಒಂದೊಂದಾಗಿ ಎಣಿಸಿದಳು: ಐದೂ ಬೆರಳು ಇದ್ದವು.

"ಅಳಬೇಡ್ವೋ. ನನಗೇ ಬಂತು, ನಿನಗೆ ಬರಲ್ವಾ? ನೋಡು, ಮೊದಲು ಕೆಳಗಿನ ಗುಂಡಿ," ಎಂದು ಅವನು ಎಡಗೈಯಲ್ಲಿ ಹಾಕಿ ತೋರಿಸುತ್ತಿದ್ದ, ಬಲ ಮಣಿಕಟ್ಟಿನಾಚೆ ಏನೂ ಉಳಿಯದ ತಮ್ಮನಿಗೆ.