ಅರ್ಧ ಗಂಟೆಯ ಗಡಿ

ಮಗಳನ್ನು ಸೊಂಟದ ಮೇಲೆ ಹೊತ್ತು ತಾಯಿ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಹನ್ನೊಂದು ಗಂಟೆ ಎಂಟು ನಿಮಿಷ. ಅವಳ ಲೆಕ್ಕದಲ್ಲಿ ಡಾಕ್ಟರು ನೋಡುವುದು ಹನ್ನೊಂದೂವರೆಗೆ. ಬಾಗಿಲಲ್ಲಿದ್ದ ವಾಚ್‌ಮನ್ ನಕ್ಕ.

"ಬಂದ್ರಾ ಅಕ್ಕ? ನಿಮ್ಮನ್ನ ನೋಡ್ಕೊಂಡೇ ನಮ್ಮ ಗಡಿಯಾರ ಸರಿ ಮಾಡ್ಕೋಬಹುದು."

"ಕಾದ್ರೆ ಏನ್ ಸವೆದುಹೋಗ್ತೀವಾ ಅಣ್ಣ," ಎಂದು ಅವಳು ಏದುಸಿರು ಬಿಡುತ್ತಲೇ ಬೆಂಚಿನ ಮೇಲೆ ಕೂತಳು. ಮಗಳಿಗೆ ಆರು ವರ್ಷ, ತೂಕ ನಾಲ್ಕರದ್ದು. ತುಟಿ ಯಾವಾಗಲೂ ನೇರಳೆಹಣ್ಣು ತಿಂದವಳ ಹಾಗೆ. ಎದುರಿನ ಗೋಡೆಯ ಮೇಲೆ 'ಫೋನ್ ಆಫ್ ಮಾಡಿ. ಕರೆದಾಗ ಮಾತ್ರ ಒಳಗೆ ಬನ್ನಿ' ಎಂದು ಬರೆದಿತ್ತು. ಉಳಿದವರೆಲ್ಲ ಸದ್ದು ಮಾತ್ರ ತಗ್ಗಿಸಿಕೊಂಡು ಕೂತಿದ್ದರೆ, ತಾಯಿ ಮಾತ್ರ ಫೋನನ್ನು ಪೂರ್ತಿ ಆಫ್ ಮಾಡಿದಳು. ಒಂದು ಸಣ್ಣ ತಪ್ಪಿಗೂ ಎಡೆಗೊಡಬಾರದು ಎಂದು ಬೆಳಗ್ಗೆಯಿಂದ ಅಂದುಕೊಳ್ಳುತ್ತಲೇ ಇದ್ದಳು.

ಹತ್ತು ಹೆಜ್ಜೆ ಆಚೆ ನೀಲಿ ಪರದೆಯ ಕೋಣೆ. ಮಕ್ಕಳ ಹೃದಯ ನೋಡುವ ಡಾಕ್ಟರು ಈ ದೇಶದ ಈ ಮೂಲೆಯಲ್ಲಿ ಇಲ್ಲ. ನದಿಯ ಆಚೆ, ಪಕ್ಕದ ದೇಶದಲ್ಲಿದ್ದಾರೆ. ಎರಡೂ ದೇಶಗಳು ಒಪ್ಪಂದ ಮಾಡಿಕೊಂಡ ಮೇಲೆ ತಿಂಗಳಿಗೊಮ್ಮೆ ಆ ಕೋಣೆಯ ಟಿ.ವಿ.ಯಲ್ಲಿ ಡಾಕ್ಟರಮ್ಮನ ಮುಖ ಬರುತ್ತದೆ, ಮಗುವಿಗೆ ಹದಿನೈದು ನಿಮಿಷದಂತೆ. ಕಳೆದ ಸಲ ಅವರು ಹೇಳಿದ್ದರು: "ಇನ್ನು ಮಾತ್ರೆ ಸಾಕಾಗಲ್ಲಮ್ಮ, ಆಪರೇಷನ್ನೇ ಆಗ್ಬೇಕು. ಮುಂದಿನ ಸಲ ಒಂದ್ಸಲ ನೋಡಿ ಸಹಿ ಹಾಕಿಬಿಡ್ತೀನಿ, ಸೇತುವೆ ದಾಟಿ ಇಲ್ಲಿಗೇ ಬನ್ನಿ. ಮಳೆಗಾಲದವರೆಗೆ ಮಾತ್ರ ಕಾಯಿಸಬೇಡಿ."

ಆಚೆ ದೇಶದ ಗಡಿಯಾರ ಅರ್ಧ ಗಂಟೆ ಹಿಂದೆ. ಆಸ್ಪತ್ರೆಯ ಚೀಟಿಯಲ್ಲಿ ಇರುತ್ತಿದ್ದದ್ದು ಆಚೆಯ ಹೊತ್ತು. ಮನೆಯಲ್ಲಿ ಅದಕ್ಕೆ ಅರ್ಧ ಗಂಟೆ ಕೂಡಿಸಿಕೊಳ್ಳಬೇಕು. ಈ ಸಲ ಚೀಟಿಯಲ್ಲಿ ಹನ್ನೊಂದು ಎಂದಿತ್ತು. ತಾಯಿ ಪಕ್ಕದಲ್ಲಿ ಪೆನ್ಸಿಲಿನಿಂದ ಹನ್ನೊಂದೂವರೆ ಎಂದು ಬರೆದು, ಗಂಡನಿಗೆ ಮೂರು ಸಲ ತೋರಿಸಿದ್ದಳು. "ಇನ್ನೆಷ್ಟು ಸಲ ಕೂಡಿಸ್ತೀಯೇ ಮಾರಾಯ್ತಿ, ಹನ್ನೊಂದಕ್ಕೆ ಅರ್ಧ ಸೇರಿಸಿದ್ರೆ ಇಪ್ಪತ್ತಾಗುತ್ತಾ?" ಎಂದು ಅವನು ರೇಗಿಸಿದ್ದ.

ಹನ್ನೊಂದು ಹದಿನೇಳಕ್ಕೆ ಪರದೆ ಸರಿಯಿತು. ಕಿವಿಗೆ ಫೋನ್ ಹಿಡಿದೇ ಹೊರಬಂದ ನರ್ಸ್ ಬೆಂಚಿನ ಕಡೆ ನೋಡಿ ನಿಂತುಬಿಟ್ಟಳು.

"ಇಲ್ಲೇ ಇದೀರಾ?"

"ಹೂಂ ಸಿಸ್ಟರ್. ಇನ್ನೂ ಹದಿಮೂರು ನಿಮಿಷ ಇದ್ಯಲ್ಲ ಅಂತ..."

"ನಿಮ್ಮದು ಹನ್ನೊಂದಕ್ಕಲ್ವಾ! ಹನ್ನೊಂದೂ ಐದಕ್ಕೆ ಹೊರಗೆ ಬಂದು ನೋಡಿದೆ, ನೀವಿರಲಿಲ್ಲ. ಆಗಿಂದ ಫೋನ್ ಮಾಡ್ತಾನೇ ಇದೀನಿ, ಆಫ್ ಅಂತ ಬರ್ತಿದೆ."

ತಾಯಿ ಚೀಟಿ ಬಿಡಿಸಿ ಹಿಡಿದಳು. ಪೆನ್ಸಿಲಿನ ಅಂಕಿ ನೋಡಿ ನರ್ಸಿನ ಮುಖ ಇಳಿಯಿತು.

"ಜನ ಲೆಕ್ಕ ತಪ್ಪಿ ಒದ್ದಾಡ್ತಾರೆ ಅಂತ ಈ ತಿಂಗಳಿಂದ ಅರ್ಧ ಗಂಟೆ ನಾನೇ ಸೇರಿಸಿ ಬರೀತಿದೀನಮ್ಮ. ಚೀಟೀಲಿರೋ ಹನ್ನೊಂದು ನಮ್ಮ ಟೈಮೇ."

"ನೀವು ಹೇಳಲಿಲ್ಲವಲ್ಲ ಸಿಸ್ಟರ್."

"ಹೇಳಿದೆ ಅಂದ್ಕೊಂಡಿದ್ದೆ."

ತಾಯಿ ಮಗಳನ್ನು ಎತ್ತಿಕೊಂಡು ಒಳಗೆ ನುಗ್ಗಿದಳು. ಟಿ.ವಿ. ಬೂದು ಬಣ್ಣಕ್ಕೆ ತಿರುಗಿತ್ತು. ಅದರ ಮೇಲಿನ ಗೋಡೆಯಲ್ಲಿ ಎರಡು ಗಡಿಯಾರ. ಒಂದರ ಕೆಳಗೆ 'ಇಲ್ಲಿ', ಇನ್ನೊಂದರ ಕೆಳಗೆ 'ಅಲ್ಲಿ'.

"ಇನ್ನೊಂದ್ಸಲ ಕರೀರಿ. ಡಾಕ್ಟ್ರಮ್ಮ ನನ್ನ ಗುರುತು ಹಿಡೀತಾರೆ."

"ನಾವು ಕರೆಯೋಕಾಗಲ್ಲ, ಅವರೇ ಕರೀಬೇಕು. ಹದಿನೈದು ನಿಮಿಷ ಯಾರೂ ಬರದಿದ್ರೆ ಕರೆ ತಾನಾಗೇ ಬೇರೆ ಊರಲ್ಲಿ ಕಾಯ್ತಿರೋ ಮಗುಗೆ ಹೋಗುತ್ತೆ. ಹೋಯ್ತು. ಈ ಸಲದ ಆಪರೇಷನ್ ಪಟ್ಟಿಯಲ್ಲಿ ಉಳಿದಿದ್ದು ಅದೊಂದೇ ಜಾಗ."

"ಮುಂದಿನ ಪಟ್ಟಿ?"

ನರ್ಸ್ ಟಿ.ವಿ.ಯ ವೈರನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ವೈರಿನಲ್ಲಿ ಏನೂ ತೊಂದರೆ ಇರಲಿಲ್ಲ. "ಮಳೆಗಾಲ ಮುಗಿದ ಮೇಲೆ," ಎಂದಳು ಅದರ ಕಡೆಯೇ ತಿರುಗಿಕೊಂಡು.

ತಾಯಿ ಆ ಇನ್ನೊಂದು ಮಗುವಿನ ತಾಯಿಗೆ ಶಾಪ ಹಾಕಲು ನೋಡಿದಳು. ಬಾಯಿ ಬರಲಿಲ್ಲ. ಅವಳೂ ಬೆಳಗ್ಗೆಯಿಂದ ಯಾವುದೋ ಬೆಂಚಿನ ಮೇಲೆ ಕೂತು, ಯಾರಾದರೂ ಒಬ್ಬರು ಬಾರದೆ ಹೋಗಲಿ ಎಂದು ಬೇಡಿಕೊಂಡಿರಬೇಕು. ಕಿಟಕಿಯಾಚೆ ಸೇತುವೆ ಕಾಣುತ್ತಿತ್ತು. ಆಚೆ ದಡದಲ್ಲಿ ಯಾರೋ ಒಗೆದ ಬಟ್ಟೆ ಕೊಡವುತ್ತಿದ್ದರು. ಬಟ್ಟೆಯ ಬಣ್ಣ ಕೂಡ ಗೊತ್ತಾಗುವಷ್ಟು ಹತ್ತಿರ.

"ಮಗಳ ಎದುರಿಗೆ ಅಳಬೇಡೀಮ್ಮ," ಎಂದ ನರ್ಸಿನ ದನಿಯೇ ಒಡೆದಿತ್ತು.

ಸೊಂಟದ ಮೇಲಿದ್ದ ಮಗಳು ತಾಯಿಯ ಗಲ್ಲ ಹಿಡಿದು ತಿರುಗಿಸಿದಳು. ಗಡಿಯಾರ ನೋಡುವುದನ್ನು ಅವಳು ಹೋದ ವಾರವಷ್ಟೇ ಕಲಿತಿದ್ದಳು. ಎರಡೆರಡು ಉಸಿರಿಗೆ ಒಂದೊಂದು ಮಾತಿನಂತೆ, ಬೆರಳು ತೋರಿಸುತ್ತ ಹೇಳಿದಳು:

"ಅಮ್ಮಾ, ಅಲ್ನೋಡು... ಆ ಗಡಿಯಾರದಲ್ಲಿ... ಇನ್ನೂ ಹನ್ನೊಂದೇ ಆಗಿಲ್ಲ."