ಕೆಂಪು ನೂಲಿನ ಹಾದಿ

ಚನ್ನಬಸವನಿಗೆ ಗಂಟು ಹಾಕಲು ಬರುತ್ತಿರಲಿಲ್ಲ. ಗುಡ್ಡದ ಓಟದ ಹಾದಿಗೆ ಗುರುತು ಕಟ್ಟಬೇಕು, ಕೆಂಪು ನೂಲು ಕೊಡಿ ಎಂದು ಮಗ್ಗದ ಮನೆಗೆ ಬಂದವನು ಕಿಟಕಿಯ ಸರಳಿಗೆ ಒಂದು ಎಳೆ ಕಟ್ಟಿ ತೋರಿಸಿದ. ನೇಕಾರ ಪರಪ್ಪ ಬೆರಳ ತುದಿ ತಾಗಿಸಿದ್ದೇ ತಡ, ಅದು ಬಿಚ್ಚಿಕೊಂಡಿತು.

"ಇದು ಗಂಟಲ್ಲೋ ತಮ್ಮಾ, ಬೂಟಿನ ಲಾಡಿ."

ಒಳಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಮಗಳು ನೇತ್ರಾ ನಕ್ಕಳು. "ನೇಕಾರರ ಗಂಟ ಎಲ್ಲಾರಿಗೂ ಬರೂದಿಲ್ರಿ. ಅದರಾಗೂ ನಮ್ಮಪ್ಪನ್ನ ಗಂಟಂದ್ರ ಜಗ್ಗಿದಷ್ಟೂ ಬಿಗಿ."

ಪರಪ್ಪನ ತಲೆಯಲ್ಲಿ ಮಾತು ಉಳಿಯಲಿಲ್ಲ, ನಗು ಉಳಿಯಿತು. ಹೊರಗಿನ ಹುಡುಗನ ಮುಂದೆ ಇಷ್ಟು ನಗು ಯಾಕೆ? ಇಲ್ಲ ಅನ್ನಲು ಬಾಯಿ ಬರಲಿಲ್ಲ. ನೂಲು ಕೊಟ್ಟ.

ಭಾನುವಾರ ಗದಗಿನಿಂದ ಓಟದ ಪರೀಕ್ಷೆ ನಡೆಸಲು ಅನಿತಾ ಮೇಡಂ ಬರುವವರಿದ್ದರು. ಗಜೇಂದ್ರಗಡದ ಗುಡ್ಡ ಹತ್ತಿ, ಕರೆಂಟ್ ತೆಗೆಯುವ ಗಾಳಿ ಫ್ಯಾನುಗಳ ಸಾಲಿನ ಬುಡಕ್ಕೆ ಓಡಿ, ಆ ಕಡೆಯಿಂದ ಇಳಿದು ಶಾಲೆಯ ಬಯಲು ಮುಟ್ಟಬೇಕು. ಓಡುವವಳು ನೇತ್ರಾ ಒಬ್ಬಳೇ; ಏರ್ಪಾಟು ಚನ್ನಬಸವನದು. ಹೊತ್ತಿಗೆ ಮುಟ್ಟಿದರೆ ಹಾಸ್ಟೆಲ್ಲು, ಕಾಲೇಜು, ತರಬೇತಿ. ಮುಟ್ಟದಿದ್ದರೆ ಅಸೂಟಿಯ ಗಂಡಿನವರು ಇದ್ದೇ ಇದ್ದರು. ಮಗ್ಗದ ಮನೆಯಿಂದ ಮಗ್ಗದ ಮನೆಗೆ ಹೋಗುವುದು, ಅಷ್ಟೇ.

ಚಹದಂಗಡಿಯಲ್ಲಿ ಬಸ್ಯಾ ಬಿಡಬೇಕಲ್ಲ. "ಓಡೋ ಹುಡುಗಿ ಪರಪ್ಪಾ. ಒಂದಿನ ಓಡೇ ಹೋಗ್ತಾಳ ನೋಡು."

ಗಂಡು ಓಡಿದರೆ ಅದು ಓಟ. ಹೆಣ್ಣು ಓಡಿದಳು ಅಂದರೆ ಸಾಕು, ನಮ್ಮ ಕಡೆ ಮುಂದಿನದನ್ನು ಕೇಳುವವರೇ ಇಲ್ಲ. ಅಂಗಡಿಯ ಮುಂದೆ ಗರಸು ಮಣ್ಣು ಹೇರಿದ ಟಿಪ್ಪರ್ ಒಂದು ಗುಡ್ಡದ ಹಿಂದಿನಿಂದ ಬಂದು ಎಲ್ಲರ ಕಪ್ಪಿಗೂ ಧೂಳು ಹಾಕಿ ಹೋಯಿತು. ಪರಪ್ಪ ಅದನ್ನೂ ನೋಡಲಿಲ್ಲ.

"ಆ ಚನ್ನಬಸವ ಎಲ್ಲಿ ನಿಲ್ಲಾಂವ?" ಎಂದು ಕೇಳಿದ.

"ಮ್ಯಾಲ, ಫ್ಯಾನಿನ ಬುಡಕ. ನೀರ ಹಿಡಕೊಂಡು. ಬೈಕ್ ತಗೊಂಡು," ಎಂದು ಬಸ್ಯಾ ಕಣ್ಣು ಹೊಡೆದ.

ಚನ್ನಬಸವ ಗುರುತು ಕಟ್ಟಿ ಇಳಿದ ಮೇಲೆ, ಶನಿವಾರ ಸಂಜೆ ಪರಪ್ಪ ಮಗ್ಗ ಬಿಟ್ಟು ಗುಡ್ಡಕ್ಕೆ ಹೋಗಿ ಬಂದ. ಅಂಗೈ ತುಂಬ ಜಾಲಿಮುಳ್ಳಿನ ಗೀರು. ಹೆಂಡತಿ ಹೊನ್ನವ್ವ ಅರಿಷಿಣ ಹಚ್ಚುತ್ತ ಕೇಳಿದಳು. "ಹಾದಿ ಚಲೋ ಐತೇನ್ರಿ?"

"ಚಲೋ ಐತಿ."

ನೇತ್ರಾ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಮೊನ್ನೆತನಕ ಓಟದ ಹೆಸರೆತ್ತಿದರೆ ಸಿಡಿಯುತ್ತಿದ್ದ ಅಪ್ಪ, ತಾನೇ ಹೋಗಿ ಹಾದಿ ನೋಡಿ ಬಂದಿದ್ದ. ಅವಳಿಗೆ ಅಳುವೇ ಬಂತು.

"ಹೆದರಬ್ಯಾಡ," ಎಂದ ಪರಪ್ಪ, ಅವಳ ಮುಖ ನೋಡದೆ. "ನೂಲ ಕಟ್ಟಿದ ಕಡೆ ಹೋಗು."

ಭಾನುವಾರ ಬೆಳಿಗ್ಗೆ ಎಲ್ಲರೂ ಶಾಲೆಯ ಬಯಲಲ್ಲಿ ಕಾದರು. ಪರಪ್ಪ ಮಾತ್ರ ಪುರ್ತಗೇರಿ ಕಡೆಯ ಹಳ್ಳದ ದಂಡೆಗೆ ಹೋಗಿ ಬೇವಿನ ಬುಡಕ್ಕೆ ನಿಂತ. ಮಗಳು ಚಡ್ಡಿ ಹಾಕಿ ಓಡುವುದನ್ನು ಮಂದಿಯ ನಡುವೆ ನೋಡಲು ನಾಚಿಕೆ ಇರಬೇಕು ಎಂದುಕೊಂಡಳು ಹೊನ್ನವ್ವ. ಹೊತ್ತು ಏರಿತು. ಹಳ್ಳದ ಕಡೆ ಯಾರೂ ಬರಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಪರಪ್ಪ ಹಲ್ಲು ಕಡಿಯುತ್ತ ಬಯಲಿಗೆ ನಡೆದ.

ಅಲ್ಲಿಗೂ ಬಂದಿರಲಿಲ್ಲ.

"ಮೇಲೆ ನಿಂತ ಹುಡುಗನ ಫೋನೂ ಹತ್ತುತ್ತಿಲ್ಲ," ಎಂದರು ಅನಿತಾ ಮೇಡಂ. "ನಡೀರಿ, ಹುಡುಕೋಣ."

"ಇಬ್ಬರೂ ಇಲ್ಲ ಅಂದಮ್ಯಾಲ ಏನ ಹುಡುಕ್ತೀರಿ?" ಪರಪ್ಪ ಅಡ್ಡ ಬಂದ. "ಓಡಿ ಹೋದ್ಲು."

"ಪೊಲೀಸರಿಗಾದರೂ ಹೇಳಬೇಕಲ್ಲ."

"ಮಗಳು ನನ್ನಾಕಿ. ಮಾನ ನಂದು. ಯಾರೂ ಗುಡ್ಡ ಹತ್ತಬ್ಯಾಡ್ರಿ."

ಹೆತ್ತ ಅಪ್ಪನೇ ಹೇಳಿದ ಮೇಲೆ ಇನ್ನೇನು? ಮಂದಿ ಚದುರಿದರು. ಬಸ್ಯಾ ಊರಿಗೆಲ್ಲ ಮುಟ್ಟಿಸಿದ. ಹೊನ್ನವ್ವ ಎದೆ ಬಡಿದುಕೊಂಡು ಅತ್ತಳು. ಪರಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತು ಕತ್ತಲಾಗುವತನಕ ಲಾಳಿ ಎಸೆದ. ಆ ದಿನ ನೇಯ್ದಷ್ಟು ಅವನು ಎಂದೂ ನೇಯ್ದಿರಲಿಲ್ಲ.

ಮರುದಿನ ಹೊತ್ತು ಏರಿದ ಮೇಲೆ ಚನ್ನಬಸವನೇ ಬಾಗಿಲಿಗೆ ಬಂದ. ಒಬ್ಬನೇ. ಅಂಗಿಯ ತುಂಬ ಕೆಂಪು ಮಣ್ಣು.

"ಲಗೂ ದವಾಖಾನಿಗೆ ಬರ್ರಿ ಕಾಕಾ. ಸಿಕ್ಕಾಳ."

ನೇತ್ರಾ ಅವನು ನಿಂತಲ್ಲಿಗೆ ಮುಟ್ಟಿಯೇ ಇರಲಿಲ್ಲ. ಫೋನು ಹತ್ತದೆ, ಊರವರು ಕೆಳಗಿನಿಂದ ಹುಡುಕುತ್ತ ಬಂದೇ ಬರುತ್ತಾರೆಂದು ನಂಬಿ ಅವನು ಮೇಲಿನಿಂದ ಹುಡುಕಿದ್ದ, ಗಂಟಲು ಹರಿಯುವಂತೆ ಕೂಗಿದ್ದ. ಕತ್ತಲಾದ ಮೇಲೆ ಕುರಿ ಹಟ್ಟಿಯಲ್ಲಿ ಬಿದ್ದುಕೊಂಡು, ನಸುಕಿನಲ್ಲಿ ಕುರಿಗಾರರ ಜೊತೆ ಹಳ್ಳಕ್ಕೆ ಇಳಿಯುವ ಕೆಳಗಿನ ಹಾದಿ ಹಿಡಿದಿದ್ದ. ಆ ಹಾದಿಯನ್ನು ಈ ಬೇಸಿಗೆ ಗರಸಿನವರು ಕಡಿದು ಹಾಕಿದ್ದರು. ತಿರುವಿನ ಆಚೆ ನೆಲವೇ ಇರಲಿಲ್ಲ. ಆಳದ ತಗ್ಗಿನ ತಳದಲ್ಲಿ ಅವಳು ಬಿದ್ದಿದ್ದಳು.

ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ನಿನ್ನೆಯೇ ತಂದಿದ್ದರೆ ಕಾಲೂ ಉಳಿಯುತ್ತಿತ್ತು ಎಂದರು.

ಹೊನ್ನವ್ವ ಕುಸಿದು ಕೂತಳು. ಪರಪ್ಪ ಚನ್ನಬಸವನ ಕೊರಳಪಟ್ಟಿ ಹಿಡಿದ. "ಗುರ್ತು ಕಟ್ಟಾಕ ಬರದಾಂವ ನನ್ನ ಮಗಳ್ನ ಯಾಕ ಓಡಿಸಿದೆಲೇ?"

ಹುಡುಗ ಬಿಡಿಸಿಕೊಳ್ಳಲಿಲ್ಲ. "ನನ್ನ ನೂಲ ಬಿಚ್ಚಿ ಹೋಗಿರಬೇಕ್ರಿ ಕಾಕಾ. ತಪ್ಪು ನಂದ ಐತಿ," ಎಂದು ಅತ್ತ. ಪರಪ್ಪ ಕೊರಳಪಟ್ಟಿ ಬಿಡಲಿಲ್ಲ.

ಗದ್ದಲಕ್ಕೆ ನೇತ್ರಾ ಕಣ್ಣು ತೆರೆದಳು. ಅಪ್ಪನ ಗೀರು ಬಿದ್ದ ಅಂಗೈಯನ್ನು ಬಹಳ ಹೊತ್ತು ನೋಡಿದಳು.

"ಅವರಿಗೆ ಬೈಬ್ಯಾಡಪ್ಪಾ," ಎಂದಳು. "ಹಾದಿ ಎರಡಾಗೂ ಕಡೆ ನಾ ನಿಂತಿದ್ದೆ. ನೂಲ ಕೆಳಗಿನ ಹಾದಿಗೆ ಯಾಕ ಐತಿ, ತಪ್ಪೈತಿ ಅನಿಸಿತ್ತು. ಮುಟ್ಟಿ ನೋಡಿದೆ. ಗಂಟು ನಿನ್ನದ ಇತ್ತು. ಅದಕ್ಕ ಹೋದೆ."